ಕಾಗದಕ್ಕೂ ಒಂದು ಅಳತೆ: ಲಕೋಟೆ, ಲೇಬಲ್, ಬಿಲ್ ರೋಲ್ ಕೊಳ್ಳುವ ಮುನ್ನ



ಅಕ್ಕಿ, ಉದ್ದು, ಎಣ್ಣೆ, ಗ್ಯಾಸ್ ಇವುಗಳ ಲೆಕ್ಕ ನಮಗೆಲ್ಲ ಬೆರಳ ತುದಿಯಲ್ಲಿರುತ್ತದೆ. ಒಂದು ಕಿಲೋ ಉದ್ದಿಗೆ ಎಷ್ಟು ಇಡ್ಲಿ ಎಂದು ಯಾರಾದರೂ ಕೇಳಿದರೆ ಅಡಿಗೆ ಭಟ್ಟರನ್ನು ಕರೆಯದೆಯೇ ಉತ್ತರ ಹೇಳುತ್ತೇವೆ. ಆದರೆ ಕಾಗದದ ವಿಷಯ ಬಂದಾಗ ಮಾತ್ರ "ಪ್ರೆಸ್ಸಿನವರಿಗೆ ಗೊತ್ತು, ಹಿಂದಿನ ಸಲದ ಹಾಗೆಯೇ ಮಾಡಿಕೊಡಲಿ" ಎಂದು ಕೈ ತೊಳೆದುಕೊಳ್ಳುತ್ತೇವೆ. ಲೆಟರ್‌ಹೆಡ್, ಲಕೋಟೆ, ಬಿಲ್ ರೋಲ್, ಪಾರ್ಸೆಲ್ ಸ್ಟಿಕರ್, ಮೆನು ಕಾರ್ಡ್, ಚಟ್ನಿಪುಡಿಯ ಲೇಬಲ್ ಎಲ್ಲ ಸೇರಿಸಿ ವರ್ಷದ ಖರ್ಚು ಕೂಡಿಸಿ ನೋಡಿದವರು ನಮ್ಮಲ್ಲಿ ಕಡಮೆ.

ನಾವೂ ಪಾಠ ಕಲಿತದ್ದು ಪೆಟ್ಟು ತಿಂದ ಮೇಲೆಯೇ. ನಮ್ಮ ಲೆಟರ್‌ಹೆಡ್ ಹಿರಿಯರ ಕಾಲದಿಂದಲೂ ಎಂಟೂವರೆ ಇಂಚು ಅಗಲ, ಹದಿಮೂರೂವರೆ ಇಂಚು ಉದ್ದದ ಫುಲ್‌ಸ್ಕೇಪ್ ಹಾಳೆಯಲ್ಲೇ ಅಚ್ಚಾಗುತ್ತಿತ್ತು. ಹೊಟೇಲಿನ ಹೆಸರು ಮೇಲೆ. ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆಯ ವಿವರ ಕೆಳಗೆ, ಕೊನೆಯ ಸಾಲಿನಲ್ಲಿ. ಒಂದು ಕಂಪನಿಯ ಕ್ಯಾಂಟೀನಿಗೆ ಊಟ ಒದಗಿಸಿ ಅದೇ ಹಾಳೆಯಲ್ಲಿ ಬಿಲ್ ಕಳಿಸಿದೆವು. ಅವರ ಕಚೇರಿಯ ಸ್ಕ್ಯಾನರ್ ಎ4 ಅಳತೆಗೆ ಹೊಂದಿಸಿದ್ದು. ನಮ್ಮ ಹಾಳೆಯ ಕೆಳಭಾಗದ ನಾಲ್ಕೂವರೆ ಸೆಂಟಿಮೀಟರ್ ಸ್ಕ್ಯಾನಿನಲ್ಲಿ ಬರಲೇ ಇಲ್ಲ. ಖಾತೆ ನಂಬರೂ ಇಲ್ಲ, ಜಿಎಸ್‌ಟಿ ನಂಬರೂ ಇಲ್ಲ. ಬಿಲ್ ವಾಪಸು ಬಂದದ್ದು ನಮಗೆ ಗೊತ್ತಾಗುವಾಗ ತಿಂಗಳು ಕಳೆದಿತ್ತು, ಹಣ ಕೈಸೇರುವಾಗ ಇನ್ನೊಂದು ತಿಂಗಳು. ಕೆಲಸದವರ ಪಗಾರ, ಕಿರಾಣಿಯವರ ಬಾಕಿ ಎರಡನ್ನೂ ಆ ಎರಡು ತಿಂಗಳು ಕೈಯಿಂದ ತೂಗಿಸಿದೆವು. ಉಳಿದ ಲೆಟರ್‌ಹೆಡ್‌ಗಳನ್ನು ತುಂಡು ಮಾಡಿ ಅಡಿಗೆಮನೆಯ ಸಾಮಾನು ಚೀಟಿಗೆ ಬಳಸಿ ಮುಗಿಸಿದೆವು. ಅಂದಿನಿಂದ ಯಾವ ಕಾಗದ ಕೊಳ್ಳುವುದಾದರೂ ಮೊದಲು ಸ್ಕೇಲ್ ಹಿಡಿದು ಅಳೆಯುವ ಅಭ್ಯಾಸ ಮಾಡಿಕೊಂಡೆವು. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಎ4 ಎಂಬ ಲೆಕ್ಕ

'ಎ' ಸರಣಿಯ ಕಾಗದಕ್ಕೆ ಒಂದು ಸರಳ ನಿಯಮವಿದೆ. ಎ0 ಎಂಬ ದೊಡ್ಡ ಹಾಳೆಯ ವಿಸ್ತೀರ್ಣ ಸರಿಯಾಗಿ ಒಂದು ಚದರ ಮೀಟರ್. ಅದರ ಅಳತೆ 841 × 1189 ಮಿ.ಮೀ. ಅದನ್ನು ಉದ್ದದ ಮಧ್ಯಕ್ಕೆ ಮಡಚಿ ಕತ್ತರಿಸಿದರೆ ಎ1, ಮತ್ತೆ ಕತ್ತರಿಸಿದರೆ ಎ2, ಹೀಗೆ ಮುಂದುವರಿಯುತ್ತದೆ. ನಮಗೆ ಬೇಕಾಗುವ ಅಳತೆಗಳು ಇವಿಷ್ಟು:

ಎ3 — 297 × 420 ಮಿ.ಮೀ. (ಗೋಡೆಗೆ ಹಾಕುವ ದರಪಟ್ಟಿ, ಮೇಜಿನ ಮೇಲಿನ ಹಾಳೆ)
ಎ4 — 210 × 297 ಮಿ.ಮೀ. (ಲೆಟರ್‌ಹೆಡ್, ಕೊಟೇಶನ್, ಕೇಟರಿಂಗ್ ಬಿಲ್)
ಎ5 — 148 × 210 ಮಿ.ಮೀ. (ಬಿಲ್ ಬುಕ್, ರಶೀದಿ, ಮಡಚಿದ ಮೆನು)
ಎ6 — 105 × 148 ಮಿ.ಮೀ. (ಹಂಚುವ ಚಿಕ್ಕ ಕರಪತ್ರ)
ಎ7 — 74 × 105 ಮಿ.ಮೀ. (ಸಿಹಿತಿಂಡಿಯ ತಟ್ಟೆಯ ಮುಂದಿನ ಚೀಟಿ)

ಈ ಸರಣಿಯ ವೈಶಿಷ್ಟ್ಯವೆಂದರೆ ಎಷ್ಟು ಸಲ ಅರ್ಧ ಮಾಡಿದರೂ ಉದ್ದ ಅಗಲಗಳ ಹೊಂದಿಕೆ ಬದಲಾಗುವುದಿಲ್ಲ. ಅಗಲ ಒಂದಾದರೆ ಉದ್ದ 1.414. ಹೀಗಾಗಿ ಎ4ನಲ್ಲಿ ಮಾಡಿದ ಮೆನುವನ್ನು ಝೆರಾಕ್ಸ್ ಯಂತ್ರದಲ್ಲಿ 141 ಶೇಕಡಕ್ಕೆ ಹಿಗ್ಗಿಸಿದರೆ ಸರಿಯಾಗಿ ಎ3, 71 ಶೇಕಡಕ್ಕೆ ಕುಗ್ಗಿಸಿದರೆ ಸರಿಯಾಗಿ ಎ5. ಡಿಸೈನ್ ಒಂದೇ ಸಲ, ಕೂಲಿ ಒಂದೇ ಸಲ. ಇಂತಹ ಹೊಂದಿಕೆಯ ಅನುಕೂಲವನ್ನು ಜರ್ಮನಿಯ ವಿಜ್ಞಾನಿ ಲಿಷ್ಟೆನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದರು. 1922ರಲ್ಲಿ ವಾಲ್ಟರ್ ಪೋರ್ಸ್ಟ್‌ಮನ್ ಅವರ ಪ್ರಯತ್ನದಿಂದ ಅದು ಜರ್ಮನಿಯ ಮಾನಕವಾಯಿತು, 1975ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ನಮ್ಮ ದೇಶದ ಸರಕಾರಿ ಕಚೇರಿಗಳೂ ಬ್ಯಾಂಕುಗಳೂ ಇದನ್ನೇ ಬಳಸುತ್ತವೆ. ಹಳೆಯ ಉದ್ದದ ಹಾಳೆಯನ್ನು ಬಿಡದಿದ್ದ ಸುಪ್ರೀಂ ಕೋರ್ಟು ಕೂಡ 2020ರಲ್ಲಿ ಎ4ಗೆ ಬದಲಾಯಿಸಿತು. ಇನ್ನು ನಮ್ಮದೇನು ಹಟ?

ಒಂದು ಎಚ್ಚರಿಕೆ. ಕಂಪ್ಯೂಟರಿನಲ್ಲಿ ಕಾಗದದ ಅಳತೆ ಕೆಲವೊಮ್ಮೆ ತಾನಾಗಿಯೇ 'ಲೆಟರ್' ಎಂದಿರುತ್ತದೆ. ಅದು ಅಮೆರಿಕದ ಅಳತೆ, 216 × 279 ಮಿ.ಮೀ. ಎ4ಗಿಂತ 18 ಮಿ.ಮೀ. ಗಿಡ್ಡ. ಹಾಳೆ ಎ4 ಇದ್ದು ಕಂಪ್ಯೂಟರಿನಲ್ಲಿ 'ಲೆಟರ್' ಇದ್ದರೆ ಕೊನೆಯ ಸಾಲು ಮಾಯವಾಗುವುದು, ಇಲ್ಲವೆ ಇನ್ನೊಂದು ಹಾಳೆಗೆ ಹೋಗುವುದು ಇದರಿಂದಲೇ. ಗಲ್ಲೆಯಲ್ಲಿ ಕೂರುವ ಹುಡುಗನಿಗೆ ಒಮ್ಮೆ ತೋರಿಸಿಕೊಟ್ಟರೆ ಸಾಕು.

ಪ್ರೆಸ್ಸಿನವರ ಭಾಷೆ

ಪ್ರೆಸ್ಸಿಗೆ ಹೋದರೆ ಅಲ್ಲಿ ಡೆಮಿ, ಕ್ರೌನ್ ಎಂಬ ಮಾತು ಕೇಳುತ್ತದೆ. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ 'ಡೆಮಿ 1/8' ಎಂದು ಓದಿದ ನೆನಪು ಹಲವರಿಗೆ ಇರಬಹುದು. 18 × 23 ಇಂಚಿನ ಡೆಮಿ ಹಾಳೆಯನ್ನು ಎಂಟು ತುಂಡು ಮಾಡಿ ಅಂಚು ಸವರಿದರೆ ಬರುವ ಐದೂವರೆ, ಎಂಟೂವರೆ ಇಂಚಿನ ಅಳತೆಯೇ ಅದು. 23 × 36 ಇಂಚಿನದು ಡಬಲ್ ಡೆಮಿ, 20 × 30 ಇಂಚಿನದು ಡಬಲ್ ಕ್ರೌನ್.

ಇಲ್ಲೊಂದು ಸೂಕ್ಷ್ಮವಿದೆ. ಎಂಟು ಎ4 ಹಾಳೆ ಕೂಡಿದರೆ ಎ1, ಅಂದರೆ 23.4 × 33.1 ಇಂಚು. 23 × 36 ಹಾಳೆಯ ಅಗಲ ಅದಕ್ಕಿಂತ ಅರ್ಧ ಇಂಚಿನಷ್ಟು ಕಡಮೆ. ಆದ್ದರಿಂದ ಅದರಲ್ಲಿ ಎಂಟು ಎ4 ಬರುವುದಿಲ್ಲ. ಅಡ್ಡ ಉದ್ದ ಸೇರಿಸಿ ಹೊಂದಿಸಿದರೂ ಏಳಕ್ಕಿಂತ ಹೆಚ್ಚಿಲ್ಲ. 25 × 36 ಇಂಚಿನ ಹಾಳೆಯಲ್ಲಾದರೆ ಎಂಟು ನಿರಾಯಾಸವಾಗಿ ಬರುತ್ತವೆ. ಕತ್ತರಿಸಿ ಉಳಿದ ರದ್ದಿಯ ಬೆಲೆಯೂ ನಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ ಎಂಬುದು ನೆನಪಿರಲಿ. ಆರ್ಡರ್ ಕೊಡುವಾಗ "ಯಾವ ಶೀಟು, ಒಂದು ಶೀಟಿನಲ್ಲಿ ಎಷ್ಟು ತುಂಡು ಬರುತ್ತದೆ" ಎಂದು ಕೇಳುವುದು ಮರ್ಯಾದೆ ಕಳೆಯುವ ಪ್ರಶ್ನೆಯಲ್ಲ. ಬಾಳೆಎಲೆ ಕೊಳ್ಳುವಾಗ ಕಟ್ಟಿಗೆ ಎಷ್ಟು ಎಲೆ ಎಂದು ಕೇಳುವುದಿಲ್ಲವೆ, ಹಾಗೆಯೇ.

ದಪ್ಪವನ್ನು ತಕ್ಕಡಿಯಲ್ಲಿ ನೋಡಿ

ಕಾಗದದ ದಪ್ಪವನ್ನು ಜಿಎಸ್‌ಎಂ ಎಂದು ಹೇಳುತ್ತಾರೆ; ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದರ ಅರ್ಥ. ಎ4 ಎಂದರೆ ಚದರ ಮೀಟರಿನ ಹದಿನಾರನೆಯ ಒಂದು ಪಾಲು. ಆದ್ದರಿಂದ 80 ಜಿಎಸ್‌ಎಂನ ಒಂದು ಹಾಳೆ 5 ಗ್ರಾಂ, 500 ಹಾಳೆಯ ರೀಮು ಎರಡೂವರೆ ಕಿಲೋ. 75 ಜಿಎಸ್‌ಎಂ ಆದರೆ ರೀಮು ಸುಮಾರು 2 ಕಿಲೋ 340 ಗ್ರಾಂ, 70 ಆದರೆ 2 ಕಿಲೋ 190 ಗ್ರಾಂ. ತಕ್ಕಡಿ ನಮ್ಮಲ್ಲೇ ಇದೆ. ಪೊಟ್ಟಣದ ಮೇಲೆ 75 ಎಂದು ಬರೆದು ತೂಕ 2 ಕಿಲೋ ಬಂದರೆ ಒಂದೋ ಕಾಗದ ತೆಳ್ಳಗಿದೆ, ಇಲ್ಲವೆ ಹಾಳೆ ಕಡಮೆ ಇದೆ. ಬೇಳೆಯನ್ನು ತೂಗಿಯೇ ತೆಗೆದುಕೊಳ್ಳುವ ನಾವು ಕಾಗದವನ್ನು ಏಕೆ ಕಣ್ಣುಮುಚ್ಚಿ ತೆಗೆದುಕೊಳ್ಳಬೇಕು?

ಲಕೋಟೆ

ಲಕೋಟೆಯ ಅಳತೆ ನಿಶ್ಚಯಿಸುವುದು ಲಕೋಟೆಯಿಂದಲ್ಲ, ಒಳಗೆ ಹೋಗುವ ಕಾಗದದಿಂದ. ಎ4 ಹಾಳೆಯನ್ನು ಮೂರು ಮಡಿಕೆ ಮಾಡಿದರೆ 99 × 210 ಮಿ.ಮೀ. ಆಗುತ್ತದೆ. ಇದಕ್ಕೆ ಸರಿಹೊಂದುವ ಅಂತಾರಾಷ್ಟ್ರೀಯ ಅಳತೆ ಡಿಎಲ್, 110 × 220 ಮಿ.ಮೀ. ನಮ್ಮ ಅಂಗಡಿಗಳಲ್ಲಿ ಮಾತ್ರ ಲಕೋಟೆಗಳು ಇಂಚಿನ ಲೆಕ್ಕದಲ್ಲೇ ಸಿಗುವುದು ಹೆಚ್ಚು. 9 × 4 ಇಂಚಿನ ಲಕೋಟೆಯ ಅಗಲ 101.6 ಮಿ.ಮೀ. ಒಂದು ಹಾಳೆಯಾದರೆ ಹೋಗುತ್ತದೆ; ಮೂರು ನಾಲ್ಕು ಹಾಳೆ ಸೇರಿ ದಪ್ಪವಾದರೆ ಅಂಚು ಹರಿಯುತ್ತದೆ. ಕೊಟೇಶನ್, ಮೆನು, ಪರವಾನಗಿಯ ನಕಲು ಒಟ್ಟಿಗೆ ಕಳಿಸುವ ಕೇಟರಿಂಗಿನವರಿಗೆ 10 × 4½ ಇಂಚಿನದು ಉತ್ತಮ. ಚೆಕ್ಕು ಕಳಿಸಲು 9 × 4 ಸಾಕು, ಚೆಕ್ಕನ್ನು ಮಡಚಬೇಕಾಗಿಲ್ಲ.

ಹದಿನಾಲ್ಕು ಇಂಚಿನ ಲೀಗಲ್ ಹಾಳೆಯನ್ನು ಮೂರು ಮಡಿಕೆ ಮಾಡಿದರೆ 119 ಮಿ.ಮೀ. ಆಗುತ್ತದೆ, ಈ ಯಾವ ಲಕೋಟೆಗೂ ಹೋಗದು. ನಾಲ್ಕು ಮಡಿಕೆ ಮಾಡಿದರೆ ಲಕೋಟೆ ಉಬ್ಬುತ್ತದೆ. ಉದ್ದದ ಹಾಳೆಯನ್ನು ಬಿಡಲು ಇದೂ ಒಂದು ಕಾರಣ.

ಎ4 ಕಾಗದವನ್ನು ಮಡಚದೆ ಕಳಿಸುವಾಗ 10 × 12 ಇಂಚಿನ ಲಕೋಟೆ ಕೊಳ್ಳುವವರು ಹೆಚ್ಚು. ಅದರ ಉದ್ದ 305 ಮಿ.ಮೀ., ಕಾಗದ 297. ಉಳಿಯುವುದು ಬರೇ 8 ಮಿ.ಮೀ. ಫೈಲಿನಲ್ಲಿ ಹಾಕಿದ ಕಾಗದ ಅದರೊಳಗೆ ಹೋಗುವುದಿಲ್ಲ. 229 × 324 ಮಿ.ಮೀ.ನ ಸಿ4 ಅಥವಾ 10 × 14 ಇಂಚಿನದನ್ನು ಕೇಳಿ. ಕರಾರುಪತ್ರ, ಪರವಾನಗಿ ಮುಂತಾದ ಬೆಲೆಬಾಳುವ ಕಾಗದಕ್ಕೆ ಬಟ್ಟೆ ಅಂಟಿಸಿದ ಲಕೋಟೆಯೇ ಇರಲಿ. ಹಬ್ಬಕ್ಕೆ ಕೆಲಸದವರಿಗೆ ಬಕ್ಷೀಸು ಕೊಡುವ ಲಕೋಟೆಗೆ 114 × 162 ಮಿ.ಮೀ.ನ ಸಿ6 ಸರಿ. ಐನೂರರ ನೋಟು 150 ಮಿ.ಮೀ. ಉದ್ದ, ಮಡಚದೆ ಹಿಡಿಸುತ್ತದೆ.

ಬಿಲ್ ರೋಲ್

ಹೊಟೇಲಿನಲ್ಲಿ ದಿನವೂ ಮುಗಿಯುವ ಕಾಗದವೆಂದರೆ ಇದೇ. ಗಲ್ಲೆಯ ಥರ್ಮಲ್ ಯಂತ್ರಗಳಲ್ಲಿ ಎರಡು ಬಗೆ: ಎರಡು ಇಂಚಿನದಕ್ಕೆ 57 ಮಿ.ಮೀ. ಅಗಲದ ರೋಲ್, ಮೂರು ಇಂಚಿನದಕ್ಕೆ 79 ಅಥವಾ 80 ಮಿ.ಮೀ.ನ ರೋಲ್. ಸಾಮಾನ್ಯ ಅಕ್ಷರದಲ್ಲಿ ಮೊದಲನೆಯದರಲ್ಲಿ ಸಾಲಿಗೆ 32 ಅಕ್ಷರ, ಎರಡನೆಯದರಲ್ಲಿ 48 ಅಕ್ಷರ ಬರುತ್ತವೆ. ಸಂಖ್ಯೆ, ದರ, ಮೊತ್ತ ಈ ಮೂರು ಅಂಕಣ ಕಳೆದರೆ ಎರಡು ಇಂಚಿನ ಬಿಲ್ಲಿನಲ್ಲಿ ತಿಂಡಿಯ ಹೆಸರಿಗೆ ಹದಿನಾಲ್ಕು ಹದಿನೈದು ಅಕ್ಷರದ ಜಾಗ ಮಾತ್ರ. ಇಂಗ್ಲಿಷಿನಲ್ಲಿ 'ಮೈಸೂರ್ ಮಸಾಲಾ ದೋಸಾ' ಎಂದು ಪೂರ್ತಿ ಬರೆದರೆ ನಡುವಿನ ಜಾಗ ಸೇರಿ 18 ಅಕ್ಷರ. ಪ್ರತಿ ಸಲವೂ ಒಂದು ಸಾಲು ಹೆಚ್ಚು. ಹೆಸರುಗಳನ್ನು ಗಿರಾಕಿಗೆ ತಿಳಿಯುವಂತೆ ಚಿಕ್ಕದು ಮಾಡಿದರೆ ಕಾಗದ ಉಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 400 ಬಿಲ್, ಒಂದೊಂದು 15 ಸೆಂ.ಮೀ. ಆದರೆ 60 ಮೀಟರ್ ಕಾಗದ ಬೇಕು. ಮೇಲಿನ ದೊಡ್ಡ ಗುರುತು, ಕೆಳಗಿನ ಖಾಲಿ ಜಾಗ ಕಡಮೆ ಮಾಡಿ ಬಿಲ್ಲನ್ನು 11 ಸೆಂ.ಮೀ.ಗೆ ತಂದರೆ ದಿನಕ್ಕೆ 16 ಮೀಟರ್ ಉಳಿತಾಯ. ತಿಂಗಳಿಗೆ 480 ಮೀಟರ್, ಅಂದರೆ 50 ಮೀಟರಿನ ಒಂಬತ್ತೂವರೆ ರೋಲ್. ಆದರೆ ಇರಲೇಬೇಕಾದದ್ದನ್ನು ತೆಗೆಯಬೇಡಿ. 15 ಅಕ್ಷರದ ಜಿಎಸ್‌ಟಿ ನಂಬರ್ ಬೇಕು. 14 ಅಂಕೆಯ ಎಫ್‌ಎಸ್‌ಎಸ್‌ಎಐ ನಂಬರ್ 2022ರ ಜನವರಿ 1ರಿಂದ ಬಿಲ್ಲಿನ ಮೇಲೆ ಕಡ್ಡಾಯ. ಕಾಂಪೊಸಿಶನ್ ಯೋಜನೆಯಲ್ಲಿರುವವರು ತಾವು ಗಿರಾಕಿಯಿಂದ ತೆರಿಗೆ ವಸೂಲು ಮಾಡಲು ಅರ್ಹರಲ್ಲ ಎಂಬ ಸಾಲನ್ನೂ ಮುದ್ರಿಸಬೇಕು.

ಮೋಸ ಹೆಚ್ಚು ನಡೆಯುವುದು ರೋಲಿನ ಉದ್ದದಲ್ಲಿ. ನಡುವಿನ ಕೊಳವೆ ದಪ್ಪವಾಗಿದ್ದರೆ ಹೊರಗಿನಿಂದ ರೋಲ್ ದೊಡ್ಡದಾಗಿಯೇ ಕಾಣುತ್ತದೆ. ಇಲ್ಲಿಯೂ ತಕ್ಕಡಿಯೇ ಸಾಕ್ಷಿ. 79 ಮಿ.ಮೀ. ಅಗಲ, 50 ಮೀಟರ್ ಉದ್ದ, 55 ಜಿಎಸ್‌ಎಂ ಆದರೆ ಕೊಳವೆ ಬಿಟ್ಟು ಸುಮಾರು 217 ಗ್ರಾಂ ಇರಬೇಕು. 57 ಮಿ.ಮೀ.ನ 25 ಮೀಟರ್ ರೋಲ್ ಆದರೆ ಸುಮಾರು 78 ಗ್ರಾಂ. ಕಾಗದ ಇನ್ನೂ ತೆಳ್ಳಗಿದ್ದರೆ ತೂಕ ಅಷ್ಟರಮಟ್ಟಿಗೆ ಇಳಿಯುತ್ತದೆ. ಆದ್ದರಿಂದ ರೋಲ್ ಕೊಳ್ಳುವಾಗ "ದೊಡ್ಡದು, ಚಿಕ್ಕದು" ಎನ್ನಬೇಡಿ. ಅಗಲ, ಮೀಟರ್, ಜಿಎಸ್‌ಎಂ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅಡಿಗೆಮನೆಗೆ ಹೋಗುವ ಆರ್ಡರ್ ಚೀಟಿಯ ಮಾತು ಬೇರೆ. ಥರ್ಮಲ್ ಕಾಗದ ಬಿಸಿಗೆ ಕಪ್ಪಾಗುತ್ತದೆ; ಕಾವಲಿಯ ಪಕ್ಕದಲ್ಲಿಟ್ಟರೆ ಓದಲು ಬಾರದು. ಅಲ್ಲಿಗೆ ರಿಬ್ಬನ್ ಬಳಸುವ ಯಂತ್ರ ಇಟ್ಟವರು 76 ಮಿ.ಮೀ.ನ ಸಾದಾ ರೋಲ್ ತರಿಸುತ್ತಾರೆ. ಸಾದಾ ರೋಲ್ ಥರ್ಮಲ್ ಯಂತ್ರದಲ್ಲಿ ಅಚ್ಚೇ ಆಗುವುದಿಲ್ಲ. ಗುರುತು ಹಿಡಿಯುವುದು ಸುಲಭ: ಉಗುರಿನಿಂದ ಜೋರಾಗಿ ಗೀರಿ ನೋಡಿ, ಕಪ್ಪು ಗೆರೆ ಮೂಡಿದರೆ ಥರ್ಮಲ್.

ನಾವು ಸಾಮಾನು ಕೊಂಡ ಬಿಲ್ಲುಗಳೂ ಈಗ ಥರ್ಮಲ್ ಕಾಗದದಲ್ಲೇ ಬರುತ್ತವೆ. ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಜಿಎಸ್‌ಟಿ ಕಾನೂನಿನ ಪ್ರಕಾರ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಎ4 ಹಾಳೆಯಲ್ಲಿ ಎರಡು ಬಿಲ್ ಪಕ್ಕಪಕ್ಕ ಇಟ್ಟು ಝೆರಾಕ್ಸ್ ಮಾಡಿ ಫೈಲಿಗೆ ಸೇರಿಸಿದರೆ ಚಿಂತೆಯಿಲ್ಲ.

ಲೇಬಲ್ ಮತ್ತು ಸ್ಟಿಕರ್

ಗಲ್ಲೆಯ ಬಳಿ ಚಟ್ನಿಪುಡಿ, ಸಾಂಬಾರು ಪುಡಿ, ಚಕ್ಕುಲಿ, ಬಾಳೆಕಾಯಿ ಚಿಪ್ಸ್ ಕಟ್ಟಿ ಮಾರುವವರು ನಮ್ಮಲ್ಲಿ ಅನೇಕರು. ಮೊದಲೇ ಕಟ್ಟಿಟ್ಟು ಮಾರುವ ಪೊಟ್ಟಣಕ್ಕೆ ಲೇಬಲ್ ಕಡ್ಡಾಯ. ಪದಾರ್ಥದ ಹೆಸರು, ಅದರಲ್ಲಿರುವ ಸಾಮಗ್ರಿ, ನಿವ್ವಳ ತೂಕ, ತಯಾರಕರ ವಿಳಾಸ, ಎಫ್‌ಎಸ್‌ಎಸ್‌ಎಐ ಗುರುತು ಮತ್ತು ನಂಬರ್, ಬ್ಯಾಚ್, ತಯಾರಿಸಿದ ಮತ್ತು ಮುಗಿಯುವ ದಿನಾಂಕ, ಎಂಆರ್‌ಪಿ, ಸಸ್ಯಾಹಾರದ ಚಿಹ್ನೆ ಇವೆಲ್ಲ ಓದಲು ಬರುವಂತೆ ಕೂರಬೇಕು. ಎ4 ಹಾಳೆಯಲ್ಲಿ 65 ಬರುವ 38 × 21 ಮಿ.ಮೀ.ನ ಚಿಕ್ಕ ಸ್ಟಿಕರಿನಲ್ಲಿ ಇದು ಸಾಧ್ಯವೇ ಇಲ್ಲ. 24 ಬರುವ 64 × 34 ಮಿ.ಮೀ.ನದೂ ಇಕ್ಕಟ್ಟು.

ನಾವು ಕಂಡುಕೊಂಡ ದಾರಿ ಹೀಗಿದೆ. ಬದಲಾಗದ ವಿವರಗಳನ್ನು ದೊಡ್ಡ ಲೇಬಲಿನಲ್ಲಿ ಪ್ರೆಸ್ಸಿನಲ್ಲೇ ಮುದ್ರಿಸಿ, ಅದರಲ್ಲಿ 50 × 25 ಮಿ.ಮೀ. ಜಾಗ ಖಾಲಿ ಬಿಡಿಸುತ್ತೇವೆ. ಬ್ಯಾಚ್, ದಿನಾಂಕ, ಎಂಆರ್‌ಪಿ ಮಾತ್ರ ಅದೇ ಅಳತೆಯ ರೋಲ್ ಲೇಬಲಿನಲ್ಲಿ ದಿನವೂ ಅಚ್ಚು ಮಾಡಿ ಅಲ್ಲಿ ಅಂಟಿಸುತ್ತೇವೆ. ಬೆಲೆ ಬದಲಾದರೆ ದೊಡ್ಡ ಲೇಬಲ್ ರದ್ದಿಯಾಗುವುದಿಲ್ಲ. ಆದರೆ ಒಮ್ಮೆ ಮುದ್ರಿಸಿದ ಎಂಆರ್‌ಪಿಯ ಮೇಲೆ ಹೆಚ್ಚಿನ ಬೆಲೆಯ ಸ್ಟಿಕರ್ ಹಚ್ಚುವುದು ಅಪರಾಧ. ಆ ಆಸೆ ಬೇಡ.

ಸಸ್ಯಾಹಾರದ ಹಸಿರು ಚಿಹ್ನೆಗೂ ಅಳತೆಯಿದೆ. ಪೊಟ್ಟಣದ ಮುಖ್ಯ ಮುಖದ ವಿಸ್ತೀರ್ಣ 100 ಚದರ ಸೆಂ.ಮೀ.ವರೆಗೆ ಇದ್ದರೆ ವೃತ್ತದ ವ್ಯಾಸ ಕನಿಷ್ಠ 3 ಮಿ.ಮೀ.; 100ರಿಂದ 500ರವರೆಗೆ 4; 500ರಿಂದ 2500ರವರೆಗೆ 6; ಅದಕ್ಕಿಂತ ದೊಡ್ಡದಕ್ಕೆ 8 ಮಿ.ಮೀ. ಸುತ್ತಲಿನ ಚೌಕದ ಬದಿ ವ್ಯಾಸದ ಎರಡರಷ್ಟು. ಉದಾಹರಣೆಗೆ 20 × 15 ಸೆಂ.ಮೀ.ನ ಸಿಹಿ ಡಬ್ಬಿಯ ಮುಖ 300 ಚದರ ಸೆಂ.ಮೀ.; ವೃತ್ತ 4 ಮಿ.ಮೀ., ಚೌಕ 8 ಮಿ.ಮೀ. ಡಿಸೈನ್ ಮಾಡುವ ಹುಡುಗ ಜಾಗ ಸಾಲದೆ ಇದನ್ನು ಚುಕ್ಕೆಯಷ್ಟು ಮಾಡಿಬಿಡುತ್ತಾನೆ. ಅಚ್ಚಿಗೆ ಹೋಗುವ ಮುನ್ನ ಪ್ರೂಫ್ ತರಿಸಿ ಸ್ಕೇಲ್ ಇಟ್ಟು ನೋಡಿ.

ಬಿಡಿ ಸಿಹಿತಿಂಡಿಯ ತಟ್ಟೆಯ ಮುಂದೆ ಎಷ್ಟು ದಿನದೊಳಗೆ ತಿನ್ನಬೇಕೆಂಬ ದಿನಾಂಕ ಹಾಕುವುದು 2020ರ ಅಕ್ಟೋಬರ್ 1ರಿಂದ ಕಡ್ಡಾಯ. ಎ4 ಹಾಳೆಯನ್ನು ಎಂಟು ತುಂಡು ಮಾಡಿದರೆ ಎ7 ಚೀಟಿಗಳು ಸಿಗುತ್ತವೆ. ಇದಕ್ಕೆ ಪ್ರೆಸ್ಸೇ ಬೇಡ.

ಪಾರ್ಸೆಲಿನ ಬಾಯಿಗೆ ಅಂಟಿಸುವ ದುಂಡು ಸ್ಟಿಕರಿನಲ್ಲಿ ಇನ್ನೊಂದು ಲೆಕ್ಕವಿದೆ. ಡಿಜಿಟಲ್ ಪ್ರೆಸ್ಸಿನ ಹಾಳೆ 12 × 18 ಇಂಚು. ಸುತ್ತಲೂ ಕಾಲಿಂಚು, ಸ್ಟಿಕರುಗಳ ನಡುವೆ 2 ಮಿ.ಮೀ. ಬಿಟ್ಟರೆ ಎರಡು ಇಂಚಿನ ಸ್ಟಿಕರ್ ಹಾಳೆಗೆ 40 ಬರುತ್ತವೆ. ಅದನ್ನೇ 46 ಮಿ.ಮೀ.ಗೆ ಇಳಿಸಿದರೆ 54 ಬರುತ್ತವೆ. ಐದು ಮಿಲಿಮೀಟರ್ ಕಡಮೆಯಾದದ್ದು ಗಿರಾಕಿಗೆ ತಿಳಿಯುವುದಿಲ್ಲ. ಹದಿನಾಲ್ಕು ಹೆಚ್ಚು ಬಂದದ್ದು ನಮಗೆ ತಿಳಿಯುತ್ತದೆ. ಎಣ್ಣೆ, ಹಬೆಯ ಪಸೆ ಇರುವಲ್ಲಿ ಯಾವ ಸ್ಟಿಕರೂ ನಿಲ್ಲದು. ಡಬ್ಬಿ ಒರೆಸಿಯೇ ಅಂಟಿಸಬೇಕು. ಮುದ್ರಿತ ಭಾಗ ತಿಂಡಿಗೆ ತಗಲಬಾರದು. ತಿಂಡಿ ಕಟ್ಟಲು ವೃತ್ತಪತ್ರಿಕೆಯ ಬಳಕೆಗಂತೂ ನಿಷೇಧವೇ ಇದೆ.

ಕೊನೆಯ ಮಾತು

ಮಾನಕ ಅಳತೆ ಹಿಡಿದವನು ಯಾವ ಅಂಗಡಿಗೂ ಹಂಗಾಳಲ್ಲ. ಮುಂಬಯಿಯ ಅಬ್ದುಲ್ ರೆಹಮಾನ್ ಸ್ಟ್ರೀಟ್, ದಿಲ್ಲಿಯ ಚಾವಡಿ ಬಜಾರ್, ಚೆನ್ನೈಯ ಆಂಡರ್ಸನ್ ಸ್ಟ್ರೀಟ್, ಪುಣೆಯ ಅಪ್ಪಾ ಬಳವಂತ ಚೌಕ, ಹೈದರಾಬಾದಿನ ಛತ್ತಾ ಬಜಾರ್ ಎಲ್ಲಿಗೆ ಹೋದರೂ ಎ4 ಎ4ಯೇ. ದರ ಹೋಲಿಸಬಹುದು, ಅವಸರಕ್ಕೆ ಪಕ್ಕದ ಹೊಟೇಲಿನಿಂದ ಒಂದು ರೋಲ್ ಕಡ ತರಬಹುದು, ನಾಲ್ಕು ಜನ ಸೇರಿ ಒಟ್ಟಿಗೆ ಕೊಳ್ಳಬಹುದು. ಶೇಕಡ 5ರ ಜಿಎಸ್‌ಟಿಯಲ್ಲಿರುವ ನಮಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಕಾಗದದ ಮೇಲೆ ಕೊಟ್ಟ ತೆರಿಗೆಯೂ ನಮ್ಮ ಗಂಟಿನಿಂದಲೇ ಹೋಗುತ್ತದೆ. ಆದ್ದರಿಂದ ಮುಂದಿನ ಆರ್ಡರಿಗೆ ಮೊದಲು ಇಷ್ಟು ಮಾಡಿ:

1. ಈಗ ಬಳಸುವ ಪ್ರತಿಯೊಂದು ಕಾಗದವನ್ನೂ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ.
2. ಲೆಟರ್‌ಹೆಡ್ ಎ4, ಬಿಲ್ ಬುಕ್ ಎ5 ಆಗಲಿ. ಖಾತೆ ನಂಬರ್ ಹಾಳೆಯ ಕೊನೆಯಂಚಿಗೆ ಬೇಡ.
3. ಲಕೋಟೆ ಕೊಳ್ಳುವಾಗ ಮಡಚಿದ ಕಾಗದವನ್ನು ಜೊತೆಗೆ ಕೊಂಡುಹೋಗಿ, ಅಂಗಡಿಯಲ್ಲೇ ಹಾಕಿ ನೋಡಿ.
4. ರೀಮು, ರೋಲ್ ಎರಡನ್ನೂ ತೂಗಿ ತೆಗೆದುಕೊಳ್ಳಿ.
5. ಹೊಸ ಡಿಸೈನ್ ಆದರೆ ಮೊದಲು ಸ್ವಲ್ಪವೇ ಮುದ್ರಿಸಿ. ನಿಯಮವೋ ಬೆಲೆಯೋ ಬದಲಾದರೆ ರದ್ದಿ ಕಡಮೆ.

ಹತ್ತು ರೂಪಾಯಿಯ ಸ್ಕೇಲ್ ಒಂದು ಗಲ್ಲೆಯ ಡ್ರಾಯರಿನಲ್ಲಿರಲಿ. ನಮ್ಮದರಲ್ಲಿ ಈಗ ಇದೆ.